ಏಳನೇ ಡಬ್ಬಿ

ಜುಲೈ ಹದಿನಾಲ್ಕರ ಸಾಲಿಗೆ ಬರುವಷ್ಟರಲ್ಲಿ ಹೇಮಾವತಿಯ ಕೈ ಬೆವೆತು ಪೆನ್ನು ಜಾರತೊಡಗಿತ್ತು. ತೊಡೆಯ ಮೇಲೆ ಹಳೇ ನೋಟುಬುಕ್ಕು, ಮಣೆಯ ಮೇಲೆ ಹೊಸ ರಿಜಿಸ್ಟರು. ಅದರ ರಟ್ಟಿನ ಮೇಲೆ, ಡಬ್ಬಿಗಳ ಲೆಕ್ಕಕ್ಕೆ ಬೆಂಗಳೂರಿನಿಂದ ಬರುವ ಅನುಪಮಾ ದುಂಡಗೆ ‘ಯಲ್ಲದಕೆರೆ, 2005’ ಎಂದು ಬರೆದುಕೊಟ್ಟು ಹೋಗಿದ್ದಳು. ಹಳೆಯದು ಎಣ್ಣೆ ಕುಡಿದು, ಮೂಲೆ ಮಡಚಿ, ನಡುವೆ ಹಾಲಿನ ಡೈರಿಯ ಲೆಕ್ಕವನ್ನೂ ಹೊತ್ತುಕೊಂಡಿತ್ತು. ಆ ಹುಡುಗಿ ಬರುವಷ್ಟರಲ್ಲಿ ಎಲ್ಲವನ್ನೂ ಹೊಸದಕ್ಕೆ ಇಳಿಸಿಡಬೇಕು. ದಿನಕ್ಕೆ ಗೆರೆ ಹಾಕಿದ ಮೂರು ಮನೆ: ಬೆಳಿಗ್ಗೆ ಎಂಟು, ಮಧ್ಯಾಹ್ನ ಹನ್ನೆರಡು, ಸಂಜೆ ಐದು. ಮಣ್ಣಿನ ಹಸಿ ಅಳೆಯಲು ಹೊಲದಲ್ಲಿ ನೆಟ್ಟಿರುವ ಹತ್ತು ಡಬ್ಬಿಗಳ ಪೈಕಿ ಯಾವುದರ ಮಾತು ಪಡಸಾಲೆಯ ಮೆಷಿನ್ನಿಗೆ ಮುಟ್ಟಿತು, ಯಾವುದರದು ಮುಟ್ಟಲಿಲ್ಲ ಎಂಬ ಗುರುತು ಒಂದೊಂದು ಮನೆಯಲ್ಲೂ. ಜುಲೈ ಹದಿನಾಲ್ಕರ ಹನ್ನೆರಡು ಗಂಟೆಯ ಮನೆಯಲ್ಲಿ ‘7 ಇಲ್ಲ’ ಎಂದಿತ್ತು. ಹದಿನೈದರಲ್ಲೂ ಹಾಗೇ. ಹದಿನಾರು, ಹದಿನೇಳು. ಬರೆದುಕೊಳ್ಳುತ್ತ ಹೋದವಳಿಗೆ ಆ ‘ಇಲ್ಲ’ದ ಲಕಾರದ ಬಾಲ ಕಣ್ಣಿಗೆ ಚುಚ್ಚಿತು. ಇಷ್ಟು ಒತ್ತಿ, ಕಾಗದದ ಬೆನ್ನಿಗೆ ಗೀರು ಬೀಳುವಂತೆ ಬರೆಯುವ ಕೈ ತನ್ನದಲ್ಲ. ಅವಳು ಹಾಳೆಗಳನ್ನು ಹಿಂದಕ್ಕೆ ತಿರುವಿದಳು. ಜೂನ್ ಹದಿನಾರರಿಂದ ನಾಲ್ಕು ದಿನ. ಮೇ ಇಪ್ಪತ್ತರಿಂದ ನಾಲ್ಕು ದಿನ. ಏಪ್ರಿಲ್ ಇಪ್ಪತ್ಮೂರರಿಂದ ನಾಲ್ಕು ದಿನ. ಮುಂದಕ್ಕೆ ತಿರುವಿದರೆ ಆಗಸ್ಟ್ ಒಂಬತ್ತರಿಂದ ಹನ್ನೆರಡು. ಪುಸ್ತಕದಲ್ಲಿ ಎಲ್ಲೆಲ್ಲಿ ಏಳನೇ ಡಬ್ಬಿ ಇಲ್ಲವೋ ಅಲ್ಲೆಲ್ಲ ಗಂಡ ಬೋರಣ್ಣನ ಕೈಬರಹವಿತ್ತು.

ಅವಳು ತಲೆಯೆತ್ತಿ ಪಡಸಾಲೆಯ ಮೂಲೆ ನೋಡಿದಳು. ಮೇಜಿನ ಮೇಲೆ ಮೆಷಿನ್ನು, ಅದರ ಪಕ್ಕದಲ್ಲಿ ಕರೆಂಟು ಹೋದಾಗ ಉಸಿರು ಹಿಡಿಯುವ ಬ್ಯಾಟರಿ, ಕೆಳಗೆ ವೈರುಗಳ ಗಂಟು. ಊಟವಾದ ಮೇಲೆ ಬೋರಣ್ಣ ಕೂರುವ ಕುರ್ಚಿ ಆ ಗಂಟಿನ ಪಕ್ಕದಲ್ಲೇ ಇತ್ತು. ಕಾಲಿನ ಹೆಬ್ಬೆರಳಿನಿಂದ ವೈರನ್ನು ಮೀಟುತ್ತ ಪೇಪರು ಓದುವುದು ಅವನ ಚಾಳಿ. ಡಬ್ಬಿಗಳ ಕಾವಲಿಗಿದ್ದ ತಿಪ್ಪಯ್ಯನನ್ನು ಸೆಲ್ಲು ಕದ್ದನೆಂದು ಬಿಡಿಸಿದ ಮರುವಾರವೇ ಆ ಕೆಲಸಕ್ಕೆ ಬಂದವನು ಬೋರಣ್ಣನ ಅಕ್ಕನ ಮಗ ಪ್ರದೀಪ. ವೈರು ಕದಲಿಸಿದವನು ಗಂಡನೇ ಇರಬಹುದೆಂಬುದು ಇಷ್ಟು ದಿನ ತನಗೆ ಹೊಳೆಯಲಿಲ್ಲವಲ್ಲ ಎಂದು ಹೇಮಾವತಿಗೆ ನಾಚಿಕೆಯಾಯಿತು. ಹೊಳೆಯಲಿಲ್ಲವೋ, ಹೊಳೆಯಗೊಡಲಿಲ್ಲವೋ. ಇಪ್ಪತ್ತಾರು ವರ್ಷ ತಟ್ಟೆಯ ಪಕ್ಕ ತಟ್ಟೆ ಇಟ್ಟುಕೊಂಡು ಉಂಡ ಗಂಡಸಿನ ಹೆಬ್ಬೆರಳನ್ನು ಈಗ ಕಳ್ಳನ ಹೆಬ್ಬೆರಳಿನಂತೆ ನೆನೆಯುತ್ತಿದ್ದೇನೆ ಎನ್ನಿಸಿತು. ಆದರೂ ಆ ನೆನಪು ಬಿಡಲಿಲ್ಲ.

ಏಪ್ರಿಲ್‌ನಲ್ಲಿ ಬೆಂಗಳೂರಿನಿಂದ ಓದುವ ಹುಡುಗರು, ಮೇಷ್ಟ್ರುಗಳು ಬಂದು, ಮಳೆಯನ್ನೇ ನಂಬಿದ ಹೊಲಗಳ ಮಣ್ಣಿನಲ್ಲಿ ಎಷ್ಟು ಹಸಿ ಇದೆ ಎಂದು ತಿಳಿಯಲು ಸೊಂಟದೆತ್ತರದ ಪೈಪುಗಳಿಗೆ ಡಬ್ಬಿ ಕಟ್ಟಿ ನೆಟ್ಟಿದ್ದರು. ಊರು ಮೊದಲ ದಿನದಿಂದಲೇ ಅವುಗಳ ಮೇಲೆ ಕಣ್ಣಿಟ್ಟಿತ್ತು. ಬೋರುಗಳ ನೀರು ಅಳೆದು ಸರ್ಕಾರಕ್ಕೆ ಚಾಡಿ ಹೇಳುತ್ತವೆ ಎಂದರು. ಮಾತು ಕೇಳಿಸಿಕೊಳ್ಳುತ್ತವೆ ಎಂದು ಕೆಲವರು ಡಬ್ಬಿಯ ಹತ್ತಿರ ಬಂದಾಗ ದನಿ ತಗ್ಗಿಸಿದರು. ಅತ್ತೆ ಮುದ್ದಕ್ಕ ಇವತ್ತಿಗೂ ಪಡಸಾಲೆಯಲ್ಲಿ ಪಿಸುಗುಟ್ಟಿಯೇ ಮಾತಾಡುತ್ತಾಳೆ. ಇದೇ ಜಿಲ್ಲೆಯ ತಾಳ್ಯದ ಕಡೆಯಿಂದ ಓದಲು ಬೆಂಗಳೂರಿಗೆ ಹೋದ ಅನುಪಮಾ ಮಾತ್ರ ಹೇಮಾವತಿಯ ಪಕ್ಕ ಕೂತು ತಿಳಿಯುವಂತೆ ಹೇಳಿದ್ದಳು. ಡಬ್ಬಿಗಳಿಗೆ ದೂರದ ದನಿಯಿಲ್ಲ ಆಂಟಿ. ಹತ್ತನೆಯದು ಒಂಬತ್ತಕ್ಕೆ ಹೇಳುತ್ತೆ, ಒಂಬತ್ತು ಎಂಟಕ್ಕೆ. ಹಾಗೆ ದಾಟಿಸಿ ದಾಟಿಸಿ ಎಲ್ಲದರ ಮಾತೂ ಏಳಕ್ಕೆ ಬರುತ್ತೆ, ಏಳು ನಿಮ್ಮ ತಾರಸಿಯ ಕಂಬಕ್ಕೆ ಮುಟ್ಟಿಸುತ್ತೆ. ಏಳು ಹೋಯ್ತು ಅಂದ್ರೆ ಹತ್ತೂ ಹೋದ ಹಾಗೆ, ಪುಸ್ತಕದಲ್ಲಿ ‘7 ಇಲ್ಲ’ ಅಂತ ಬರೆದರೆ ಸಾಕು. ಮನೆಗೆ ಮೋಲ್ಡ್ ತಾರಸಿ ಹಾಕಿಸಿದಾಗ ಹೆಂಗಸರು ಸಾಲಾಗಿ ನಿಂತು ಜಲ್ಲಿಯ ಬಾಂಡಲಿಯನ್ನು ಕೈಯಿಂದ ಕೈಗೆ ದಾಟಿಸಿದ್ದು ಹೇಮಾವತಿಗೆ ನೆನಪಾಗಿತ್ತು. ಮಿಕ್ಕವು ಕಾಲು ಗಂಟೆಗೊಮ್ಮೆ ಎದ್ದು ತಮ್ಮದು ಹೇಳಿ ಮಲಗಿಬಿಡುತ್ತವಂತೆ. ಏಳಕ್ಕೆ ನಿದ್ದೆ ಕಡಿಮೆ, ಎಲ್ಲರದನ್ನೂ ಹೊರಬೇಕಲ್ಲ, ಅದಕ್ಕೇ ಅದರ ಸೆಲ್ಲುಗಳು ಎಲ್ಲಕ್ಕಿಂತ ಮೊದಲು ಸಾಯುತ್ತವೆ. ಹೇಳಿದ್ದಕ್ಕೆ ಆ ಕಡೆಯಿಂದ ‘ಹೂಂ’ ಬರದಿದ್ದರೆ ಎಂದು ಇವಳು ಕೇಳಿದ್ದಳು. ಮೂರು ಸಲ ಹೇಳಿ ನೋಡುತ್ತೆ ಆಂಟಿ, ಆಮೇಲೆ ಬಿಟ್ಟುಬಿಡುತ್ತೆ.

ಸೆಲ್ಲುಗಳ ಮಾತು ಎತ್ತಿದ್ದು ತಾನೇ. ಆಗಸ್ಟ್‌ನಲ್ಲಿ, ಪಂಚಮಿ ಹಬ್ಬದ ಬೆನ್ನಿಗೆ, ನಾಲ್ಕು ದಿನ ಏಳು ಸುಮ್ಮನಾಗಿದ್ದು ಸರಿಹೋದ ಮೇಲೆ ಬೆಂಗಳೂರಿನವರು ಬಂದು ಕೂತಿದ್ದರು. ಹನ್ನೊಂದರಿಂದ ಎರಡರವರೆಗೆ ಮಾತ್ರ ಹೋಗುತ್ತೆ, ಆಮೇಲೆ ತಾನಾಗೇ ಬರುತ್ತೆ, ಇದೆಂಥ ಕಾಯಿಲೆ ಎಂದು ತಲೆ ಕೆಡಿಸಿಕೊಂಡಿದ್ದರು. ಹೇಮಾವತಿ ಟೀ ಕೊಡುತ್ತ, ಬರೀ ಮಾತಿಗೆ ಎಂಬಂತೆ, ‘ತಿಪ್ಪಯ್ಯನ ರೇಡಿಯೋಕ್ಕೂ ಅಂಥವೇ ಎರಡು ಸೆಲ್ಲು’ ಎಂದಿದ್ದಳು. ಅಷ್ಟೇ. ಡಬ್ಬಿಗಳ ಕಾವಲಿಗಿದ್ದ ತಿಪ್ಪಯ್ಯ ಮಧ್ಯಾಹ್ನ ಏಳನೆಯದರ ಪಕ್ಕದ ಬೇವಿನ ನೆರಳಲ್ಲಿ ಕೂತು ರೇಡಿಯೋ ಕೇಳುವುದನ್ನು ಊರೆಲ್ಲ ನೋಡಿತ್ತು. ಆ ಹೊತ್ತಿಗೆ ಡಬ್ಬಿಯ ಸೆಲ್ಲು ತೆಗೆದು ಹಾಕಿಕೊಂಡು ಆಮೇಲೆ ಮರಳಿ ಇಡುತ್ತಾನೆಂದು ಎಲ್ಲರೂ ಲೆಕ್ಕ ಹಾಕಿದರು. ಬೋರಣ್ಣ ಅವನನ್ನು ಕರೆಸಿ, ಎಲ್ಲರೆದುರು ರೇಡಿಯೋದ ಬೆನ್ನು ಬಿಚ್ಚಿಸಿದ. ಒಳಗಿದ್ದದ್ದು ಡಬ್ಬಿಗೆ ಹಾಕುವ ಕಂಪನಿಯ ಸೆಲ್ಲುಗಳೇ.

‘ಕೊಟ್ಟಿದ್ದು ಬೋರಣ್ಣಾರೆ, ತಗಂಡಿದ್ದಲ್ಲ’ ಎಂದಿದ್ದ ತಿಪ್ಪಯ್ಯ.

‘ಯಾರ್ಲೇ ಕೊಟ್ಟೋರು?’

ತಿಪ್ಪಯ್ಯ ಬಾಗಿಲಲ್ಲಿ ನಿಂತ ಹೇಮಾವತಿಯ ಕಡೆ ನೋಡಿದ್ದ. ಅನುಪಮಾ ಬದಲಾಯಿಸಿ ಬಿಟ್ಟುಹೋದ ಹಳೇ ಸೆಲ್ಲುಗಳನ್ನು, ಎಣಿಸಿ ವಾಪಸು ಕೊಡಬೇಕಾದವನ್ನು, ರೇಡಿಯೋಕ್ಕಾದರೂ ಆಗಲಿ ಎಂದು ಅವನ ಕೈಗೆ ಹಾಕಿದವಳು ಅವಳೇ. ಅವನು ಇನ್ನೊಮ್ಮೆ ನೋಡಿದ. ಮನೆಯೊಡತಿ ಕೊಟ್ಟಳು ಎಂದು ಗಂಡನ ಎದುರು ಒಬ್ಬ ಗಂಡಸು ಹೇಳಿದರೆ ಅದು ಸೆಲ್ಲಿಗೆ ನಿಲ್ಲುವುದಿಲ್ಲವೆಂದು ಅವನಿಗೂ ಗೊತ್ತಿತ್ತು. ಮೂರನೇ ಸಲ ನೋಡುವ ಮೊದಲು ಅವಳು ಲೋಟ ತೊಳೆಯಲು ಒಳಗೆ ಹೋಗಿದ್ದಳು. ತಾನು ಕೊಟ್ಟದ್ದು ನಾಲ್ಕೇ, ಅವನು ಬೇರೆಯದನ್ನೂ ತೆಗೆದಿರಬಹುದು, ಇಲ್ಲದಿದ್ದರೆ ಡಬ್ಬಿ ಯಾಕೆ ಸುಮ್ಮನಾಗಬೇಕು ಎಂದು ಆಮೇಲೆ ದಿನಾ ತನಗೆ ತಾನೇ ಹೇಳಿಕೊಂಡಳು. ಅವನು ಹೋದ ಮೇಲೆ ಡಬ್ಬಿ ಒಂದು ದಿನವೂ ತಪ್ಪಲಿಲ್ಲ. ಸೆಪ್ಟೆಂಬರ್ ತುಂಬ, ಅಕ್ಟೋಬರ್ ತುಂಬ ಹನ್ನೆರಡರ ಮನೆಯಲ್ಲಿ ಹತ್ತಕ್ಕೆ ಹತ್ತು. ಊರಿಗೆ ಇನ್ನೇನು ಸಾಕ್ಷಿ ಬೇಕು? ಹದಿನೈದು ವರ್ಷದಿಂದ ಶೇಂಗಾ ಕಿತ್ತ ಕಾಲಕ್ಕೆ ಕಣ ಕಾಯುತ್ತಿದ್ದ ತಿಪ್ಪಯ್ಯನನ್ನು ಈ ಸಲ ಯಾರೂ ಕರೆದಿರಲಿಲ್ಲ.

‘ಏನೇ ಹಂಗ್ ನೋಡ್ತಿದೀಯ ಪುಸ್ತಕನ?’

ಮುದ್ದಕ್ಕ ಹೊಸ್ತಿಲ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದಳು. ಮೆಷಿನ್ನಿನ ಕಡೆಗೊಮ್ಮೆ ಕಣ್ಣು ಹಾಯಿಸಿ ದನಿ ಇಳಿಸಿದಳು. ‘ಈ ತಿಂಗ್ಳೂ ಇಲ್ಲೇನೇ? ಪಂಚಮಿ ಆದ್ಮೇಲೆ ನೀನು ಹೊರಗ್ ಕುಂತಿದ್ದೇ ನಾ ಕಾಣೆ.’

‘ಇಲ್ಲತ್ತೆ.’

‘ನಿಂತೋತೇನೋ. ನಂಗೂ ನಿನ್ನಷ್ಟೇ ವಯಸ್ಸಿಗೆ ನಿಂತಿದ್ದು. ಹೋಗ್ಲಿ ಬಿಡು, ಕೌದಿ ಒಗೆಯೋದು ತಪ್ತು.’

ಹೇಮಾವತಿ ಮತ್ತೆ ಪುಸ್ತಕಕ್ಕೆ ಬಗ್ಗಿದಳು. ಆಗಸ್ಟ್ ಹನ್ನೆರಡರ ನಂತರ ಗಂಡನ ಕೈಬರಹ ಎಲ್ಲೂ ಇರಲಿಲ್ಲ. ಅವನು ಯಾಕೆ ಬರೆಯುತ್ತಿದ್ದ ಎಂಬ ಪ್ರಶ್ನೆಯನ್ನು ಅವಳು ಇದುವರೆಗೆ ಕೇಳಿಕೊಂಡೇ ಇರಲಿಲ್ಲ. ಹೊರಗಾದ ದಿನಗಳಲ್ಲಿ ಅವಳು ಪಡಸಾಲೆಗೆ ಕಾಲಿಡುವಂತಿರಲಿಲ್ಲ, ಪುಸ್ತಕ ಮುಟ್ಟುವಂತಿರಲಿಲ್ಲ. ಅದಕ್ಕೇ ಅವನು ಬರೆಯುತ್ತಿದ್ದ. ಅವನ ಬರಹದ ದಿನಗಳು ಅವಳ ದಿನಗಳೇ. ಹಿತ್ತಲಿನಿಂದ ನೇರ ತಾರಸಿಗೆ ಹತ್ತುವ ಕಲ್ಲುಮೆಟ್ಟಿಲು, ಮನೆಯೊಳಗೆ ಬರದೆ ಹತ್ತಬಹುದು. ಮೈಮೇಲಿದ್ದ ಸೀರೆ, ಮೈಕೆಳಗಿದ್ದ, ಹಳೇ ಸೀರೆಗಳನ್ನು ಪದರ ಪದರ ಹೊಲಿದ ಕೌದಿ ಎಲ್ಲ ನೀರಿಗೆ ಬೀಳಬೇಕು. ಬಟ್ಟೆಯ ತುಂಡುಗಳು ಯಾರ ಕಣ್ಣಿಗೂ ಬೀಳದೆ ಒಣಗಬೇಕು. ಹತ್ತೂವರೆಗೆ ಒಗೆದು, ತಾರಸಿಯ ಆ ಕಬ್ಬಿಣದ ಕಂಬದಿಂದ ಗೋಡೆಗೆ ಕಟ್ಟಿದ ಹಗ್ಗದ ಮೇಲೆ ತುಂಡುಗಳನ್ನು ಹರಡಿ, ಅವು ಕಾಣದ ಹಾಗೆ ಕಂಬವನ್ನೇ ಸುತ್ತುವಂತೆ ಕೌದಿಯನ್ನೋ ನಾಲ್ಕು ಮಡಿಕೆಯ ಸೀರೆಯನ್ನೋ ಹೊದಿಸುತ್ತಿದ್ದಳು. ಹಿರಿಯೂರಿನ ಸೀಮೆಯ ಬಿಸಿಲು, ಎರಡು ಗಂಟೆಗೆಲ್ಲ ಗರಿಗರಿ. ಕಂಬದ ತುದಿಯ ಬಿಳೀ ಕಡ್ಡಿಗೆ ಏಳನೇ ಡಬ್ಬಿಯ ಮಾತು ಬರುತ್ತದೆಂದು ಗೊತ್ತಿತ್ತು. ಸೂರ್ಯಕಾಂತಿ ಬೆಳೆದು ನಿಂತಾಗ ಮೂರು ಡಬ್ಬಿಗಳನ್ನು ಎತ್ತರಿಸುತ್ತ ಅನುಪಮಾ, ‘ಹಸಿ ಎಲೆ ಅಡ್ಡ ಬಂದರೆ ನೀರೇ ಮಾತನ್ನ ಕುಡಿದುಬಿಡುತ್ತೆ ಆಂಟಿ’ ಎಂದದ್ದೂ ಗೊತ್ತಿತ್ತು. ಎಲೆಗೂ ಕೌದಿಗೂ ಮಾತ್ರ ಹೇಮಾವತಿ ಗಂಟು ಹಾಕಿರಲಿಲ್ಲ. ಹಾಗಾದರೆ ಏಳು ಸುಮ್ಮನಾಗಿರಲೇ ಇಲ್ಲ. ಅದು ಹೇಳಿತ್ತು, ಹೇಳಿತ್ತು, ಮೂರು ಸಲ ಹೇಳಿತ್ತು.

ಹೊರಗೆ ಪ್ರದೀಪನ ಬೈಕು ನಿಂತ ಸದ್ದಾಯಿತು. ಹಿಂದಿನ ಸೀಟಿನಿಂದ ಅನುಪಮಾ ಇಳಿದಳು. ಅವಳಿಗಿಂತ ಮೊದಲೇ ಬಂದು, ಅಂಗಳದ ಅಂಚಿನ ಕಲ್ಲಿನ ಮೇಲೆ ತಿಪ್ಪಯ್ಯ ಕೂತಿದ್ದ. ಯಾವಾಗ ಬಂದನೋ.

‘ಏನ್ಲೇ ತಿಪ್ಪ, ಕಣ ಕಾಯೋ ಹೊತ್ನಾಗೆ ಇಲ್ಲಿ ಬಂದು ಕುಂತಿದೀಯ?’ ಡೈರಿಯಿಂದ ಬಂದ ಬೋರಣ್ಣ ಚಪ್ಪಲಿ ಕೊಡವುತ್ತ ಕೇಳಿದ.

‘ಯಾರ್ ಕರುದ್ರು ಬೋರಣ್ಣಾರೆ ಈ ಸಲ.’ ತಿಪ್ಪಯ್ಯ ಅನುಪಮಾಳ ಕಡೆ ತಿರುಗಿದ. ‘ಇವತ್ತು ನೀವು ಅದೇನೋ ಬರ್ದು ಬೆಂಗ್ಳೂರಿಗೆ ಕೊಡ್ತೀರಂತೆ ತಾಯಿ. ನನ್ ಮುಂದೇನೇ ಬರೀರಿ. ನಾ ಇಲ್ಲೇ ಕುಂತಿರ್ತೀನಿ.’

‘ನಿಮ್ಮ ಹೆಸರು ಹಾಕಲ್ಲ ತಿಪ್ಪಯ್ಯ. ಕಾವಲಿಗಿದ್ದವರು ಸೆಲ್ ತೆಗೀತಿದ್ರು, ಅವರನ್ನ ಬದಲಾಯಿಸಿದ ಮೇಲೆ ಸರಿಹೋಯ್ತು ಅಂತ ಅಷ್ಟೇ.’

‘ಕಾವಲಿಗಿದ್ದೋನು ನಾನೊಬ್ನೇ ಅಲ್ವಾ ತಾಯಿ.’

ಅನುಪಮಾ ಒಳಗೆ ಬಂದಳು. ಬ್ಯಾಗು ಇಟ್ಟು, ಮುಖ ತೊಳೆದು, ಅಡುಗೆಮನೆಯ ಗೋಡೆಗೆ ಒರಗಿ ನಿಂತು ಮಂಡಕ್ಕಿ ಬಾಯಿಗೆ ಹಾಕಿಕೊಳ್ಳುತ್ತ, ‘ಬರೆಯೋಕೆ ಮನಸ್ಸಿಲ್ಲ ಆಂಟಿ. ಆದರೆ ಬೇರೆ ಕಾರಣ ಸಿಗಬೇಕಲ್ಲ’ ಎಂದಳು. ‘ಒಂದು ವಿಚಿತ್ರ ನೋಡಿ. ಆ ಗ್ಯಾಪು ಬರ್ತಿದ್ದದ್ದು ಇಪ್ಪತ್ತೇಳು ಇಪ್ಪತ್ತೆಂಟು ದಿನಕ್ಕೊಂದು ಸಲ. ಗೋಡೆ ಮೇಲೆ ಗ್ರಾಫ್ ಹಾಕಿ ನೋಡಿದ್ವಿ. ಕಳ್ಳನ ಹತ್ತಿರಾನೂ ಕ್ಯಾಲೆಂಡರ್ ಇದೆ ಅಂತ ನಮ್ಮ ಸರ್ ನಗ್ತಾ ಇದ್ರು.’

ಹೇಮಾವತಿ ಟೀಗೆ ಸಕ್ಕರೆ ಹಾಕಿದಳು. ಬೆಂಗಳೂರಿನ ಯಾವುದೋ ದೊಡ್ಡ ಕೋಣೆ, ಬೆಳ್ಳನೆಯ ಗೋಡೆ, ಅದರ ಮೇಲೆ ತನ್ನ ಮೈಯ ಐದು ತಿಂಗಳು ಐದು ಗುಂಡಿಗಳಾಗಿ ಬಿದ್ದಿವೆ. ಗಂಡಸರು ಕೈಕಟ್ಟಿ ನಿಂತು ನೋಡುತ್ತಿದ್ದಾರೆ. ಆಗಸ್ಟ್‌ನ ಗುಂಡಿ ಎರಡು ದಿನ ಮುಂಚೆ ಬಿದ್ದದ್ದೂ ಅಲ್ಲಿದೆ, ಆಮೇಲೆ ಬೀಳದೇ ಹೋದದ್ದೂ ಅಲ್ಲಿದೆ. ತಾಯಿ ಸತ್ತ ಮೇಲೆ ಇಂಥದ್ದನ್ನು ಯಾರಿಗೂ ಹೇಳಿದವಳಲ್ಲ. ಈ ಡಬ್ಬಿಗಳು ಊರಿನ ಮಾತು ಕದಿಯುತ್ತವೆ ಎಂದು ಜನ ಹೆದರಿದಾಗ ತಾನು ನಕ್ಕದ್ದು ನೆನಪಾಯಿತು. ಅವಳು ಅನುಪಮಾಳ ಮುಖ ನೋಡಿದಳು. ಅದರಲ್ಲಿ ಮಂಡಕ್ಕಿಯ ಖಾರ ಬಿಟ್ಟರೆ ಏನೂ ಇರಲಿಲ್ಲ. ಇವಳಿಗೆ ಹೇಳಬಹುದು. ಇವಳೂ ಹೆಣ್ಣು. ಆದರೆ ಇವಳು ಅದನ್ನು ದಾಟಿಸಬೇಕಲ್ಲ. ಒಬ್ಬರ ಕಿವಿಯಿಂದ ಇನ್ನೊಬ್ಬರಿಗೆ, ಅವರಿಂದ ಮೇಷ್ಟ್ರಿಗೆ, ಅವರಿಂದ ರಿಪೋರ್ಟಿಗೆ. ಪಡಸಾಲೆಗೆ, ಬೋರಣ್ಣನಿಗೆ, ಪ್ರದೀಪನಿಗೆ, ಡೈರಿಯ ಸಾಲಿಗೆ.

‘ಅನುಪಮಾ.’

‘ಏನಾಂಟಿ?’

‘ಸಕ್ಕರೆ ಸಾಕಾ ನೋಡು.’

‘ಸಾಕು. ಹಾಂ, ಆ ಕಂಬದ ಸುತ್ತ ಏನೂ ಅಡ್ಡ ಇಡ್ತಿಲ್ಲ ಅಲ್ವಾ? ಮೊದಲ ದಿನಾನೇ ಅಂಕಲ್‌ಗೆ ಹೇಳಿದ್ದೆ.’

‘ಅವರಿಗೆ ಹೇಳಿದ್ಯಾ’ ಎಂದಳು ಹೇಮಾವತಿ. ಅವನು ಅದನ್ನು ಯಾಕೆ ತನ್ನ ಹತ್ತಿರ ಹೇಳಬೇಕು? ತಾರಸಿಯಲ್ಲಿ ಅವಳು ಏನು ಹರಡುತ್ತಾಳೆ ಎಂಬುದು ಆ ಮನೆಯಲ್ಲಿ ಮಾತಿಗೆ ಬರುವ ಸಂಗತಿಯೇ ಅಲ್ಲ. ‘ಅಲ್ಲಿ ಏನೂ ಇಲ್ಲ’ ಎಂದಳು. ಆ ಹೊತ್ತಿಗೆ ಅದು ನಿಜವೂ ಆಗಿತ್ತು.

ಟೀ ಲೋಟಗಳನ್ನು ತಟ್ಟೆಯಲ್ಲಿಟ್ಟು ಹೊರಗೆ ತಂದಳು. ಬೋರಣ್ಣನಿಗೆ, ಪ್ರದೀಪನಿಗೆ. ಮಾಡಿನ ಸಂದಿಯಲ್ಲಿ ಬೇರೆಯಾಗಿಟ್ಟಿದ್ದ ಲೋಟ ತೆಗೆದು ತಿಪ್ಪಯ್ಯನಿಗೆ ಹೊಯ್ದಳು. ಅವನು ಲೋಟ ತೆಗೆದುಕೊಂಡ, ಅವಳ ಕಡೆ ನೋಡಲಿಲ್ಲ. ಆಗಸ್ಟ್‌ನಿಂದೀಚೆಗೆ ಅವನು ಅವಳ ಕಡೆ ನೋಡುವುದನ್ನೇ ಬಿಟ್ಟಿದ್ದ. ಕೂತ ಕಲ್ಲಿನಿಂದ ಮೆಷಿನ್ನಿನ ಹಸಿರು ದೀಪ ಕಾಣುತ್ತಿತ್ತು, ಅವನು ಅದನ್ನೇ ದಿಟ್ಟಿಸುತ್ತಿದ್ದ. ಎರಡೂ ಕೈ ಮೊಣಕಾಲ ಮೇಲೆ, ಎಲ್ಲರಿಗೂ ಕಾಣುವಂತೆ. ಪ್ರದೀಪ ಜಗಲಿಯ ಮೇಲೆ ಅಡ್ಡಾಗಿ ಮೊಬೈಲು ಒತ್ತುತ್ತಿದ್ದ. ಅನುಪಮಾ ಮೇಜಿನ ಮುಂದೆ ಕೂತು ರಿಜಿಸ್ಟರು ಬಿಚ್ಚಿದಳು. ಡಬ್ಬಿಯ ಹತ್ತಿರ ಹೋಗಬಹುದಾದವರೆಲ್ಲ ಈಗ ಈ ಅಂಗಳದಲ್ಲೇ ಇದ್ದಾರೆ ಎಂಬುದನ್ನು ಹೇಮಾವತಿ ತಟ್ಟೆ ಹಿಡಿದು ನಿಂತು ನೋಡಿದಳು. ಗಡಿಯಾರದಲ್ಲಿ ಹನ್ನೊಂದೂಕಾಲು.

ಅವಳು ಹಿತ್ತಲಿಗೆ ನಡೆದಳು. ಮೂಲೆಯ ಗೂಡಿನಲ್ಲಿ ಸುತ್ತಿಟ್ಟ ಕೌದಿ ಎರಡೂವರೆ ತಿಂಗಳ ಧೂಳು ಹಿಡಿದಿತ್ತು. ಬಾನಿಗೆ ಹಾಕಿ ಮೇಲೆ ನೀರು ಸುರಿದಳು. ತುಳಿದಳು. ಹಿಂಡಲಿಲ್ಲ. ಹೆಗಲಿಗೆ ಹಾಕಿಕೊಂಡಾಗ ನೀರು ಬೆನ್ನುಗುಂಟ ಇಳಿದು ಸೀರೆ ಮೈಗೆ ಅಂಟಿತು. ಹದಿನಾಲ್ಕು ಮೆಟ್ಟಿಲು. ಮೇಲೆ ಬಿಸಿಲು ಕಣ್ಣು ಕೋರೈಸುವಂತಿತ್ತು. ದೂರದಲ್ಲಿ ಬೇವಿನ ಮರ, ಅದರ ಪಕ್ಕ ಡಬ್ಬಿ ಒಂದು ಕಾಳಿನಷ್ಟು ಕಂಡಿತು. ಕಂಬಕ್ಕೆ ಹೊದಿಸುವಾಗ ಕೈ ತಡೆಯಿತು. ಅದಕ್ಕೊಂದು ಜೀವವಿದ್ದಂತೆ, ಅದರ ಬಾಯಿ ಮುಚ್ಚುತ್ತಿರುವಂತೆ. ಬಿಳೀ ಕಡ್ಡಿಯ ಮೇಲೆ ಎರಡು ಸುತ್ತು ಬರುವಂತೆ ಎಳೆದು ಹಗ್ಗ ಬಿಗಿದಳು. ಬರಿಗಾಲಿನ ಅಚ್ಚು ಮೆಟ್ಟಿಲ ಮೇಲೆ ಒಂದೊಂದಾಗಿ ಆರುತ್ತ ಬಂತು.

ಕೆಳಗೆ ಮುದ್ದಕ್ಕ ಹಿತ್ತಲ ಬಾಗಿಲಲ್ಲಿ ನಿಂತು ನೆಲದ ಮೇಲಿನ ನೀರಿನ ಜಾಡನ್ನು ನೋಡುತ್ತಿದ್ದಳು. ಕಣ್ಣು ಕಿರಿದು ಮಾಡಿ ಸೊಸೆಯ ಒದ್ದೆ ಬೆನ್ನು ನೋಡಿದಳು.

‘ಕೌದಿ ಯಾಕೆ ನೆನೆಸ್ದೆ? ಆತೇನೇ?’

ಹೇಮಾವತಿ ಸೆರಗಿನ ನೀರು ಹಿಂಡಿದಳು.

‘ಹೂಂ ಅತ್ತೆ.’

‘ಈಗ್ತಾನೆ ಎಲ್ರಿಗೂ ಟೀ ಕೊಟ್ಯಲ್ಲೇ.’

‘ಆಮೇಲೆ ಗೊತ್ತಾತು.’

ಮುದ್ದಕ್ಕ ಇನ್ನೂ ಸ್ವಲ್ಪ ಹೊತ್ತು ನೋಡಿದಳು. ನಂಬಿದಳೋ ಇಲ್ಲವೋ. ‘ಸರಿ, ಆ ಕಡೆ ಕುಂತ್ಕ. ತಟ್ಟೆ ಲೋಟ ಹೊರಗಿಡ್ತೀನಿ’ ಎಂದು ಒಳಗೆ ಹೋದಳು. ಹೇಮಾವತಿ ಮನೆಯ ಪಕ್ಕದ ಓಣಿಯಲ್ಲಿ, ಆ ನಾಲ್ಕು ದಿನ ಕೂರುತ್ತಿದ್ದ ಚಪ್ಪಡಿಯ ಮೇಲೆ, ಗೋಡೆಗೆ ಬೆನ್ನು ಕೊಟ್ಟು ಕೂತಳು. ಪಡಸಾಲೆಯ ಕಿಟಕಿ ಅವಳ ತಲೆಯ ಮೇಲೆಯೇ ಇತ್ತು. ಕಾಲು ಗಂಟೆ ಕಾಯಬೇಕು. ಏನೂ ಆಗದಿದ್ದರೆ? ಕೌದಿಯೇ ಕಾರಣವೆಂಬುದು ತನ್ನ ಭ್ರಮೆಯಾಗಿದ್ದರೆ, ತಿಪ್ಪಯ್ಯ ನಿಜಕ್ಕೂ ಕಳ್ಳನಾಗಿದ್ದರೆ? ಹಾಗಾಗಲಿ ಎಂದು ಮನಸ್ಸಿನ ಯಾವುದೋ ಮೂಲೆ ಬಯಸುತ್ತಿರುವುದು ಅವಳಿಗೆ ಗೊತ್ತಾಯಿತು. ಅವನು ಕಳ್ಳನಾದರೆ ತಾನು ಲೋಟ ತೊಳೆಯಲು ಒಳಗೆ ಹೋದದ್ದಕ್ಕೆ ಲೆಕ್ಕ ಕೊಡಬೇಕಿಲ್ಲ.

ಕಿಟಕಿಯಾಚೆ ಕುರ್ಚಿ ಸರಿಯಿತು.

‘ಅಂಕಲ್, ಏಳು ಬರ್ಲಿಲ್ಲ.’ ಸ್ವಲ್ಪ ಹೊತ್ತು ಬಿಟ್ಟು, ‘ಎಂಟೂ ಇಲ್ಲ. ಒಂಬತ್ತು, ಹತ್ತು, ಯಾವುದೂ ಇಲ್ಲ. ಅದೇ ಥರ. ಅದೇ ಟೈಮು.’

ಆಮೇಲೆ ತಿಪ್ಪಯ್ಯನ ದನಿ, ಏರದೆ, ಇಳಿಯದೆ. ‘ನಾ ಇಲ್ಲೇ ಅದೀನಿ ತಾಯಿ.’

‘ಲೇ ಪ್ರದೀಪ, ನೀನೇನಾದ್ರೂ…’

‘ನಿಮ್ ಕಣ್ಮುಂದೇನೇ ಮಲಗಿದೀನಲ್ಲ ಮಾಮ.’

‘ಮ್ಯಾಲೆ ಕಂಬದ ತಾವ ನೋಡಿ ಬತ್ತೀನಿ ತಡಿ’ ಎಂದ ಬೋರಣ್ಣ. ಅವನ ಚಪ್ಪಲಿಯ ಸದ್ದು ಹಿತ್ತಲ ಕಡೆ ಹೊರಟಿತು. ಹೇಮಾವತಿ ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದಳು. ನಡುವೆ ಮುದ್ದಕ್ಕನ ಪಿಸುದನಿ ಕೇಳಿಸಿತು. ‘ಹೋಗಬ್ಯಾಡ. ಅವ್ಳು ಹೊರಗಾಗವ್ಳೆ. ಮ್ಯಾಲೆ ಬಟ್ಟೆ ಹಾಕವ್ಳೆ.’ ಚಪ್ಪಲಿ ನಿಂತಿತು. ತಿರುಗಿತು. ಐದು ತಿಂಗಳೂ ಹೀಗೇ ತಿರುಗಿರಬೇಕು.

‘ಮ್ಯಾಲೆಲ್ಲ ಸರಿ ಐತೆ’ ಎಂದ ಬೋರಣ್ಣ ಪಡಸಾಲೆಗೆ ಬಂದು.

‘ಹಾಗಿದ್ರೆ ಡಬ್ಬಿ ಹತ್ತಿರ ಹೋಗಿ ನೋಡ್ಬೇಕು. ಸೆಲ್ ಇದೆಯೋ ಇಲ್ವೋ, ಎಲ್ಲರೂ ಒಟ್ಟಿಗೇ ನೋಡೋಣ. ತಿಪ್ಪಯ್ಯ, ನೀವೂ ಬರ್ರಿ’ ಎಂದಳು ಅನುಪಮಾ. ಆ ‘ಬರ್ರಿ’ಯಲ್ಲಿ ಅವಳ ಊರಿನ ದನಿ ಒಮ್ಮೆ ಇಣುಕಿತು. ‘ಅಂಕಲ್, ನೀವು ಇದನ್ನ ರಿಜಿಸ್ಟರಲ್ಲಿ ಬರೆದುಬಿಡಿ. ಆಂಟಿ ಎಲ್ಲಿ?’

‘ಅವ್ಳು ಬರಾಂಗಿಲ್ಲ’ ಎಂದ ಬೋರಣ್ಣ. ಪೆನ್ನು ಕಾಗದದ ಮೇಲೆ ಒತ್ತಿ ಎಳೆದ ಸದ್ದು ಗೋಡೆಯ ಈಚೆಗೂ ಕೇಳಿಸಿದಂತಾಯಿತು. ಹೊಸ ರಿಜಿಸ್ಟರು, ಹಾಳೆಯ ಬೆನ್ನಿಗೆ ಗೀರು ಬೀಳುತ್ತದೆ.

ಅವರು ಓಣಿಯ ಮುಂದೆಯೇ ಹಾದುಹೋದರು. ಮುಂದೆ ತಿಪ್ಪಯ್ಯ, ದಾರಿ ಗೊತ್ತಿದ್ದವನು. ಹಿಂದೆ ಅನುಪಮಾ, ಗಂಡ, ಬೈಕು ತಳ್ಳಿಕೊಂಡು ಪ್ರದೀಪ. ಡಬ್ಬಿಯಲ್ಲಿ ಸೆಲ್ಲುಗಳು ಇರುತ್ತವೆ. ಡಬ್ಬಿ ಮಾತಾಡುತ್ತಲೇ ಇರುತ್ತದೆ. ಬೆಂಗಳೂರಿನಿಂದ ಬಂದ ಹುಡುಗಿಗೆ ಇವತ್ತು ಉತ್ತರ ಸಿಗುವುದಿಲ್ಲ, ಬರೆಯಬೇಕಾದದ್ದನ್ನು ಬರೆಯಲೂ ಆಗುವುದಿಲ್ಲ. ಓಣಿಯ ಬಾಯಿಗೆ ಬಂದಾಗ ತಿಪ್ಪಯ್ಯ ತಲೆ ತಿರುಗಿಸಿ ಚಪ್ಪಡಿಯ ಮೇಲೆ ಕೂತವಳನ್ನು ನೋಡಿದ. ಮೇಲೆ ತಾರಸಿಯಿಂದ ನೀರು ಇನ್ನೂ ಗೋಡೆಗುಂಟ ಹನಿಯುತ್ತಿತ್ತು. ಅವನು ಅದನ್ನೂ ನೋಡಿದನೇ? ಅವಳು ಈ ಸಲ ಎದ್ದು ಒಳಗೆ ಹೋಗುವಂತಿರಲಿಲ್ಲ. ನೋಡಿದಳು. ಅವನು ಮುಂದೆ ನಡೆದ.

ಒಂದು ಸಲ ಆದರೆ ಊರು ಏನೋ ಒಂದು ಹೇಳಿ ಮರೆಯುತ್ತದೆ. ಒಂದು ಸಲ ಸಾಲದು. ಹೇಮಾವತಿ ಬೆರಳಿನ ಗೆರೆಗಳ ಮೇಲೆ ಎಣಿಸತೊಡಗಿದಳು. ಇವತ್ತು ನವೆಂಬರ್ ಮೂರು. ಇಪ್ಪತ್ತೆಂಟು ದಿನ, ಡಿಸೆಂಬರ್ ಒಂದಕ್ಕೆ ಬಂತು. ಅವತ್ತು ಮಧ್ಯಾಹ್ನ ತಿಪ್ಪಯ್ಯನನ್ನು ಡೈರಿಯ ಕಟ್ಟೆಯ ಮೇಲೆ ನಾಲ್ಕು ಜನರ ನಡುವೆ ಕೂರಿಸುವ ಕೆಲಸ ಏನಾದರೂ ಹುಡುಕಬೇಕು. ಅದರ ಮುಂದಿನದಕ್ಕೆ ಇಪ್ಪತ್ತೆಂಟಲ್ಲ, ಇಪ್ಪತ್ತಾರು ಇಡಬೇಕು. ಮೈ ಅಷ್ಟು ಕರಾರುವಾಕ್ಕಾಗಿ ಇರುವುದಿಲ್ಲ.

ಒಳಗಿನಿಂದ ಮುದ್ದಕ್ಕ ತಟ್ಟೆ ಲೋಟ ತಂದು, ಮುಟ್ಟದೆ, ಒಂದು ಮಾರು ದೂರದಲ್ಲಿ ಇಟ್ಟು ಹೋದಳು.